ರೀಲಿಗೆ ರೇಟೆಷ್ಟು?

ಮೀನಿನ ವಾಸನೆಯನ್ನೇ ಕಾಣದ ಮನೆತನದ ಗಂಡಸಿಗೆ ಮೀನು ಹಿಡಿಯುವ ಸಾಮಾನಿನ ಹುಚ್ಚು ಹಿಡಿದರೆ ನೆಟ್ಟಗಾಗುವುದುಂಟೆ? ನಮ್ಮ ಯಜಮಾನರು ಹುಳಿಯಾರು ಪಕ್ಕದ ಕೆಂಕೆರೆಯವರು. ಈಜು ಬಾರದು, ಎರೆಹುಳು ಕಂಡರೆ ಎರಡು ಹೆಜ್ಜೆ ಹಿಂದೆ. ಆದರೂ ಇಂಗ್ಲೆಂಡಿನ ನ್ಯೂಕಾಸಲ್‌ನ ನಮ್ಮ ಮನೆಯ ಅಟ್ಟದ ತುಂಬ ಗಾಳದ ದಾರ ಸುತ್ತುವ ಹಳೇ ಕಾಲದ ಫ್ಲೈ ರೀಲುಗಳು. "ಇದಕ್ಕೆ ಎರೆಹುಳು ಬೇಡ ಕಣೇ, ಪುಕ್ಕ ದಾರ ಸುತ್ತಿದ ಸುಳ್ಳು ನೊಣ ಸಾಕು" ಎನ್ನುತ್ತಾರೆ, ಅದರಿಂದ ಅರ್ಧ ಮಡಿ ಉಳಿಯಿತು ಎಂಬಂತೆ.

ಇದರಲ್ಲಿ ಊರಿನ ತಪ್ಪೂ ಇದೆ. ಇಲ್ಲಿಂದ ಉತ್ತರಕ್ಕೆ ಹೋದರೆ ಆ್ಯನಿಕ್. 1872ರಲ್ಲಿ ವಿಲಿಯಂ ಹಾರ್ಡಿ ಅಲ್ಲಿ ಬಂದೂಕಿನ ವ್ಯಾಪಾರ ಶುರು ಮಾಡಿದ. ತಮ್ಮ ಜಾನ್ ಜೇಮ್ಸ್ ಜೊತೆಗೂಡಿದ ಮೇಲೆ ವ್ಯಾಪಾರ ಗಾಳದ ಕಡೆ ತಿರುಗಿತು. 1891ರಲ್ಲಿ ಬಾಲ್ ಬೇರಿಂಗ್ ಹಾಕಿದ 'ಪರ್ಫೆಕ್ಟ್' ರೀಲು ಮಾರಾಟಕ್ಕೆ ಬಂತು. ಹಿತ್ತಾಳೆ ಮುಖದ ಅಂಥದ್ದೊಂದನ್ನು ಇವರು ಸುಮಾರು ಲಕ್ಷ ರೂಪಾಯಿ ಸುರಿದು ತಂದರು. 2025ರ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ಎಂದು ಹಿಡಿದರೂ, ಊರಿನ ಅಟ್ಟದಲ್ಲಿ ಅತ್ತೆ ಕೂಡಿಡುವ ಉಂಡೆ ಕೊಬ್ಬರಿ ಎಂಟು ಕ್ವಿಂಟಾಲ್!

"ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು, ಗೊತ್ತಾ?" ಎಂದು ಕನ್ನಡಾಭಿಮಾನ ಕೆರಳಿಸಿದರು.

"ಅವರದು ಪ್ರಾಣಿಗಳ ಚರ್ಮಕ್ಕೆ ಹೊಟ್ಟು ತುಂಬಿ ನಿಲ್ಲಿಸೋ ಕಸುಬು. ನೀವು ಏನನ್ನ ತುಂಬ್ತೀರಿ?" ಎಂದೆ. ಉತ್ತರವಿಲ್ಲ.

ಅತ್ತೆ ಬಂದಾಗ ನನಗೆ ಬಲ ಬಂತು ಅಂದುಕೊಂಡೆ. ಅಟ್ಟ ಹತ್ತಿದವರೇ 'ಪರ್ಫೆಕ್ಟ್' ಎತ್ತಿ ಕಿವಿ ಹತ್ತಿರ ಹಿಡಿದು ಅಲುಗಿಸಿದರು. ನೀರು ಇಂಗಿ, ತಿರುಳು ಚಿಪ್ಪು ಬಿಟ್ಟಿದೆಯೋ ಎಂದು ತೆಂಗಿನಕಾಯಿಯನ್ನು ಅಲುಗಿಸುವುದು ಹಾಗೇ. ಯಜಮಾನರು ಬೆಚ್ಚಿ, ಕೈಯಿಂದ ಕಿತ್ತುಕೊಂಡು ಹಿಡಿ ತಿರುಗಿಸಿದರು. ಕಿರ್‍ರ್ ಎಂದಿತು. "ಕೇಳಮ್ಮಾ, ನೂರು ವರ್ಷದ ಮೇಲೂ ಎಂಥ ಸದ್ದು!"

"ಸದ್ದೇನೋ ಚೆನ್ನಾಗೈತೆ. ಈ ಕಿಲುಬು ಯಾಕೆ? ಹುಣಸೆಹಣ್ಣು ತರಾಣ ತಡಿ."

"ಬೇಡ! ಉಜ್ಜಿದರೆ ಬೆಲೆ ಹೋಗುತ್ತೆ!"

ಅತ್ತೆಗೆ ಇದು ಥಟ್ಟನೆ ಅರ್ಥವಾಯಿತು. ಅಟ್ಟದ ಕಾಯಿಯನ್ನೂ ಯಾರು ಒರೆಸುತ್ತಾರೆ? "ಸರಿ, ಯಾವಾಗ ಮಾರೋದು?"

"ಮಾರಲ್ಲಮ್ಮ. ಇದು ಸಂಗ್ರಹ."

"ಹುಚ್ಚಪ್ಪಾ! ಕಾಯಿ ಹನ್ನೊಂದು ತಿಂಗಳು ಇಟ್ರೆ ಕೊಬ್ಬರಿ. ಆಮೇಲೂ ಇಟ್ರೆ ಹುಳದ ಪಾಲು."

ನಾನು ಮನಸ್ಸಿನಲ್ಲೇ ಮಂಗಳಾರತಿ ಎತ್ತಿದೆ.

ಅತ್ತೆ ಊರು ಸೇರಿದ ಮೇಲೆ ತಿಪಟೂರಿನಲ್ಲಿ ಕೊಬ್ಬರಿ ರೇಟು ಏರಿತು. ಸಮಯ ನೋಡಿ ಫೋನು ಹಚ್ಚಿ, "ಒಳ್ಳೇ ರೇಟು ಬಂದೈತಂತೆ, ಸುಲಿಸಿಬಿಡಿ ಅತ್ತೆ. ನೀವು ಮಾರಿದ್ದು ಕಂಡರೆ ಇವರಿಗೂ ಬುದ್ಧಿ ಬರುತ್ತೆ" ಎಂದೆ.

"ಇನ್ನೂ ಏರ್ತದೆ ಅಂತಾರೆ. ಇರ್ಲಿ ತಾಯಿ, ನೋಡಾಣ."

ಸ್ಪೀಕರಿನಲ್ಲಿ ಕೇಳಿಸಿಕೊಂಡ ಯಜಮಾನರು ಮೀಸೆಯಡಿ ನಕ್ಕರು. ಈಗ ಮಾರುವ ಮಾತೆತ್ತಿದರೆ ತಾಯಿ ಮಗ ಒಂದೇ ಪಕ್ಷ. ಅಲ್ಲೂ ಅಟ್ಟ ಭರ್ತಿ, ಇಲ್ಲೂ ಅಟ್ಟ ಭರ್ತಿ. ನನ್ನ ಉಣ್ಣೆ ಕೋಟುಗಳು ಮಾತ್ರ ಮಂಚದ ಕೆಳಗೆ.