ಹೆಬಳೆಯ ವ್ಯವಹಾರಾಂಗ್ಲ: ಒಂದು ಮಹಾಪ್ರಬಂಧದ ಪೂರ್ವಪೀಠಿಕೆ

ಪರದೇಶದಿಂದ ಬಂದ ವಿದ್ಯಾರ್ಥಿ ಇಲ್ಲಿನ ಸಹಪಾಠಿಗೆ ವ್ಯವಹಾರದ ಇಂಗ್ಲಿಷ್ ಹೇಳಿಕೊಡುವ ಪದ್ಧತಿ ಪಶ್ಚಿಮದ ವಿಶ್ವವಿದ್ಯಾಲಯಗಳ ಕೊಡುಗೆ ಎಂಬುದು ಪೂರ್ವಪಕ್ಷ. ಅದರ ಮೂಲ ಭಟ್ಕಳದ ಮಗ್ಗುಲಿನ ಹೆಬಳೆಯ ಆಸುಪಾಸಿನಲ್ಲೇ ಇದೆ ಎಂಬುದು ಸಿದ್ಧಾಂತ. ಸಿದ್ಧಾಂತ ಗಟ್ಟಿಯಾದ ಮೇಲೆ ವಿದ್ವಾಂಸರು ಎಂದಿನಂತೆ ಪುರಾವೆ ಹುಡುಕಲು ಹೊರಟರು. ಆಶ್ಚರ್ಯವೆಂದರೆ, ಸಿಕ್ಕಿಯೂ ಬಿಟ್ಟಿತು.

ಮೊದಲ ಪುರಾವೆ 1623ರದು. ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ, ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಲ್ಲಿ ಇಳಿದು, ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟ ಹತ್ತಿದ. ಆಳುಗಳು ಗಂಟುಮೂಟೆ ಸರಿಮಾಡಿಕೊಳ್ಳುವಷ್ಟರಲ್ಲಿ, ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ಅವನ ಕಣ್ಣಿಗೆ ಬಿದ್ದರು. ನೆಲಕ್ಕೆ ನುಣ್ಣನೆ ಮರಳು ಹರವಿಕೊಂಡು, ರಾಗವಾಗಿ ಲೆಕ್ಕ ಹೇಳುತ್ತ, ಹೇಳಿದ್ದನ್ನು ಬೆರಳಿನಿಂದ ಬರೆಯುತ್ತಿದ್ದರು. ಜಾಗ ತುಂಬಿದರೆ ಅಳಿಸಿ, ಮತ್ತೆ ಮರಳು. ಮೇಷ್ಟ್ರು ಮಾತ್ರ ಎಲ್ಲೂ ಇಲ್ಲ. ತಪ್ಪಿದರೆ ತಿದ್ದುವವರು ಯಾರೆಂದು ಕೇಳಿದ. ಒಂದೇ ತೊಡಕು ನಾಲ್ವರನ್ನೂ ಒಟ್ಟಿಗೆ ಕಟ್ಟಿಹಾಕಲಾರದು, ಒಬ್ಬ ಮರೆತರೆ ಉಳಿದವರೇ ಅವನಿಗೆ ಗುರುಗಳು ಎಂದರಂತೆ ಹುಡುಗರು. ಈಗ ಇದಕ್ಕೇ ‘ಪಿಯರ್ ಟ್ಯೂಟರಿಂಗ್’ ಎಂದು ಹೆಸರಿಟ್ಟು ಕಾರ್ಯಾಗಾರ ಮಾಡುತ್ತಾರೆ; ಮಧ್ಯಾಹ್ನ ಊಟವೂ ಇರುತ್ತದೆ.

ಪರದೇಶಿ ಇದ್ದ, ಸಹಪಾಠಿಗಳಿದ್ದರು, ರಾಯಭಾರದ ಬೆನ್ನಿಗೆ ಕರಿಮೆಣಸಿನ ವ್ಯವಹಾರವೂ ಇತ್ತು. ಇಂಗ್ಲಿಷ್ ಒಂದು ಬಾಕಿ.

ಅದು 1637ರಲ್ಲಿ ಹಡಗಿನಲ್ಲೇ ಬಂತು. ಇಂಗ್ಲಿಷ್ ವರ್ತಕರ ಕೋರ್ಟೀನ್ ಮಂಡಳಿಯ ಕ್ಯಾಪ್ಟನ್ ಜಾನ್ ವೆಡೆಲ್ ಭಟ್ಕಳದಲ್ಲಿ ಲಂಗರು ಹಾಕಿ, ಇಕ್ಕೇರಿಯ ವೀರಭದ್ರ ನಾಯಕನ ಒಪ್ಪಿಗೆ ಪಡೆದು ಮೆಣಸಿನ ಕೋಠಿ ತೆರೆದ. ಜೊತೆಗಿದ್ದ ಪೀಟರ್ ಮಂಡಿ ಎಲ್ಲವನ್ನೂ ಬರೆದಿಟ್ಟ. ಹಡಗಿನಿಂದಿಳಿದ ಈ ‘ವಿನಿಮಯ ವಿದ್ಯಾರ್ಥಿಗಳು’ ಊರಿಗೆ ಎಷ್ಟು ಕಲಿಸಿದರು ಎಂಬುದು ವಿವಾದಾಸ್ಪದ. ಅವರ ಪೈಕಿ ಮೂವರ ಗೋರಿ ಇಲ್ಲೇ ಆಯಿತು. 1637–38ರ ಆ ಕಲ್ಲುಗಳ ಬರಹವನ್ನು ಮುಂಬಯಿ ಗೆಜೆಟಿಯರು ದಾಖಲಿಸಿದೆ: ಅವರಲ್ಲಿ ಒಬ್ಬ ವ್ಯಾಪಾರಿ, ಇನ್ನೊಬ್ಬ ಶಸ್ತ್ರವೈದ್ಯ. ಹೆಸರು, ಕಸುಬು, ತಾರೀಖು. ಹೊಗಳಿಕೆಯ ಮಾತು ಒಂದೂ ಇಲ್ಲ. ಬಯೊಡೇಟಾದಲ್ಲಿ ‘ಹಾರ್ಡ್ ವರ್ಕಿಂಗ್’ ಎಂದು ಎರಡೆರಡು ಸಲ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಪ್ರಬಂಧಕಾರರಿಗೆ ತೋಚುತ್ತಿಲ್ಲ.

ಆಕ್ಷೇಪ: ಜಗಲಿಯ ಪಾಠ ವಿಲಾಯತಿಗೆ ಹೋಯಿತೆಂಬುದಕ್ಕೆ ಆಧಾರವೇನು? ಸಮಾಧಾನ: ಮದ್ರಾಸಿನ ಅನಾಥಾಲಯದಲ್ಲಿ ಹುಡುಗರಿಂದಲೇ ಹುಡುಗರಿಗೆ ಪಾಠ ಮಾಡಿಸಿದ ಆಂಡ್ರೂ ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಅದನ್ನು ಪುಸ್ತಕ ಮಾಡಿಸಿದ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್, ಇಲ್ಲಿನ ಶಾಲೆಗಳ ಈ ಕ್ರಮವನ್ನು ಇಂಗ್ಲೆಂಡು ಅನುಕರಿಸಿದ್ದು ಯೋಗ್ಯವೇ ಎಂದು ವರದಿ ಮಾಡಿದ. ರಾಯಧನದ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ.

ಈಗಿನ ಪರದೇಶಿ ವಿದ್ಯಾರ್ಥಿ ಬರುವುದು ದುಬೈಯಿಂದ. ಭಟ್ಕಳದ ಎಷ್ಟೋ ನವಾಯತ ಮನೆಗಳ ದುಡಿಮೆ ಕೊಲ್ಲಿ ದೇಶಗಳಲ್ಲಿ. ಅಲ್ಲೇ ಶಾಲೆ ಕಲಿತ ಹುಡುಗ ಇಂಜಿನಿಯರಿಂಗ್ ಓದಲು ಅಜ್ಜಿಮನೆಗೆ ಬಂದನೆನ್ನಿ. ಊರಿನಲ್ಲಿ ಅಂಜುಮನ್ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜು 1980ರಿಂದ ಇದೆ. ಪಕ್ಕದ ಬೆಂಚಿನ ಹೆಬಳೆಯ ಹುಡುಗ ಕಂಪನಿಗೆ ಮೇಲ್ ಬರೆಯುತ್ತಿದ್ದಾನೆ: ‘ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್...’ ದುಬೈಯವ ಅಷ್ಟನ್ನೂ ಅಳಿಸಿ ‘ಹಾಯ್’ ಎಂದು ಹಾಕುತ್ತಾನೆ.

“ಕೆಲಸ ಕೊಡುವವರಿಗೆ ಹಾಯ್ ಅಂದ್ರೆ ಎಂತ ಅಂದ್ಕೊಳ್ತಾರೋ ಮಾರಾಯ!”

ಸಂಧಾನವಾಗಿ ‘ಡಿಯರ್ ಸರ್’ ಉಳಿಯಿತು. ಪಾಠ ಮುಗಿಯಿತೆನ್ನುವಾಗ ಗುರುವೇ ಶಿಷ್ಯನಾಗುವ ಸರದಿ. ಕಾಲೇಜು ಸೇರಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’ ಇಟ್ಟಿದೆ. ದುಬೈಯವ ಆ ಪುಸ್ತಕದ ವಾಕ್ಯ ಹಿಡಿದು ಮೀನುಪೇಟೆಗೆ ಹೋಗಿ, ‘ಇದರ ಬೆಲೆ ಎಷ್ಟು?’ ಎಂದು ಬಂಗಡೆ ತೋರಿಸಿದ. ಅಂಥ ಶುದ್ಧ ಕನ್ನಡ ಕೇಳಿದೊಡನೆ ದರ ಏರಿತು. ಹೆಬಳೆಯವ ಅವನನ್ನು ಹಿಂದೆ ಸರಿಸಿ, ಬೇಡವೆಂಬಂತೆ ಮುಖ ಮಾಡಿ, ಎರಡು ಹೆಜ್ಜೆ ಹೋಗಿ, ಕರೆಸಿಕೊಂಡು ಬಂದು, ಹೇಳಿದ್ದರ ಅರ್ಧಕ್ಕೆ ಬುಟ್ಟಿ ತುಂಬಿಸಿದ.

ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ‘ಕಮ್ಯುನಿಕೇಟಿವ್ ಇಂಗ್ಲಿಷ್’ಗೂ ‘ಬಳಕೆ ಕನ್ನಡ’ಕ್ಕೂ ತಲಾ ಒಂದು ಕ್ರೆಡಿಟ್. ಬಂಗಡೆಗೆ ಎಷ್ಟು ಎಂಬ ಚರ್ಚೆಯನ್ನು ಎರಡನೆಯ ಸಂಪುಟಕ್ಕೆ ಕಾದಿರಿಸಲಾಗಿದೆ.