ನಾಮಾಂತರ ಮಹಾತ್ಮೆ

ಹೆಣ್ಣುಮಗಳ ಮಾತಿಗಿಂತ ಅವಳ ಕಾಗದಕ್ಕೇ ಹೆಚ್ಚಿನ ಮರ್ಯಾದೆ ಸಲ್ಲಿಸುವ ನಮ್ಮ ದಾಖಲೆ ವ್ಯವಸ್ಥೆಗೆ ನ್ಯಾಮತಿ ಸೀಮೆಯ ಮಹಾಜನರು ಈವರೆಗೆ ಒಂದು ಪೌರಸನ್ಮಾನವನ್ನೂ ಏರ್ಪಡಿಸಿಲ್ಲವೆಂಬುದು ಖೇದದ ಸಂಗತಿ. ವರ್ಗವಾಗಿ ಹೋಗುವ ಪ್ರತಿಯೊಬ್ಬ ಅಧಿಕಾರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟಿದ್ದೇವೆ. ಆದರೆ ಅಧಿಕಾರಿ ಹೋದ ಮೇಲೂ ಕದಲದೆ ಕೌಂಟರಿನ ಹಿಂದೆ ನೆಲೆಸಿ, ಎದುರು ನಿಂತ ಜೀವಂತ ಹೆಂಗಸನ್ನು ಒಮ್ಮೆಯೂ ತಲೆಯೆತ್ತಿ ನೋಡದೆ ಅವಳು ಯಾರೆಂದು ನಿರ್ಣಯಿಸಬಲ್ಲ ಆ ದಿವ್ಯದೃಷ್ಟಿಯನ್ನು ಕೊಂಡಾಡುವವರಿಲ್ಲ. ಆ ಭಾಗ್ಯ ನನ್ನ ಪಾಲಿಗಿರಲಿ.

ಅಡಿಕೆ, ಮೆಕ್ಕೆಜೋಳದ ಈ ಸೀಮೆಯಿಂದಲೂ ಹೆಣ್ಣುಮಕ್ಕಳು ಈಗ ಟೆಕ್ಸಾಸಿಗೆ, ನ್ಯೂಜೆರ್ಸಿಗೆ ಮದುವೆಯಾಗಿ ಹೋಗುತ್ತಾರೆ. ಅಂಥ ಒಬ್ಬಳನ್ನು ಸುಧಾ ಎನ್ನೋಣ. ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇಟ್ಟುಕೊಂಡು ಅಷ್ಟು ವರ್ಷ ಅಜ್ಞಾನದಲ್ಲಿ ಕಳೆದವಳು. ವರನ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರಿನ ಜಾಗದಲ್ಲಿರುವುದು, ನಮ್ಮ ಕಡೆಯ ಅನೇಕರಲ್ಲಿರುವಂತೆ, ಅವನ ತಂದೆ ಬಸಪ್ಪನವರ ಹೆಸರು. ವಿಮಾನ ಹತ್ತುವ ಮೊದಲೇ ಸುಧಾಳ ಪಾಸ್‌ಪೋರ್ಟಿಗೂ ಅದನ್ನೇ ಏರಿಸಲಾಯಿತು. ಇಳಿದ ಮೇಲೆ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಮಗುವಿನ ಶಾಲೆಯಲ್ಲಿ ಅವಳನ್ನು ‘ಮಿಸೆಸ್ ಬಸಪ್ಪ’ ಎಂದು ಕೂಗುತ್ತಾರೆ. ನಲವತ್ತು ವರ್ಷ ಬಸಪ್ಪನವರಿಗೆ ರೊಟ್ಟಿ ತಟ್ಟಿದ ಅತ್ತೆಯವರಿಗೂ ಯಾರೂ ಕೊಡದ ಈ ಬಿರುದು ಸೊಸೆಗೆ ವೀಸಾದ ಜೊತೆಗೇ ದೊರೆಯಿತು. ಅವಿಭಕ್ತ ಕುಟುಂಬ ಇಷ್ಟರ ಮಟ್ಟಿಗೆ ಅವಿಭಕ್ತವಾದೀತೆಂದು ನಮ್ಮ ಹಿರಿಯರು ಕನಸಿನಲ್ಲಾದರೂ ಎಣಿಸಿದ್ದರೇ?

ಗಂಡನ ಕಡೆಯ ಹೆಸರು ಬೇಡವೆಂದು ಆ ಜಾಗವನ್ನು ಖಾಲಿ ಬಿಡುವ ಹಟಮಾರಿಗಳನ್ನೂ ಅಮೆರಿಕ ಕೈಬಿಡುವುದಿಲ್ಲ. ಒಂಟಿ ಹೆಸರಿನ ಪಾಸ್‌ಪೋರ್ಟ್ ಕಂಡರೆ ಇರುವ ಹೆಸರನ್ನು ಕೊನೆಗೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ತಿಳಿದಿಲ್ಲ ಎಂದು ವೀಸಾದ ಮೇಲೆ ಅಚ್ಚು ಹಾಕಿ ಕೊಡುತ್ತಾರೆ. ತೊಟ್ಟಿಲಲ್ಲಿಟ್ಟು ಕಿವಿಯಲ್ಲಿ ಮೂರು ಸಲ ಹೇಳಿದ ಹೆಸರು ‘ತಿಳಿದಿಲ್ಲ’ ಎಂದು ಇಷ್ಟು ವಿನಯದಿಂದ ಒಪ್ಪಿಕೊಳ್ಳುವ ಮಹಾನ್ ರಾಷ್ಟ್ರ ಇನ್ನೊಂದಿರಲಾರದು.

ಮದುವೆಯಾದವಳು ಹೆಸರು ಬದಲಿಸಲೇಬೇಕೆಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಪಾಸ್‌ಪೋರ್ಟಿಗೆ ಅದರ ಅಗತ್ಯವಿಲ್ಲವೆಂದು 2017ರ ಏಪ್ರಿಲ್‌ನಲ್ಲಿ ಪ್ರಧಾನಿಯವರೇ ಸಾರಿದರು. ಅಷ್ಟಾದರೂ ಬೀಗರು, ಏಜೆಂಟರು, ಕೌಂಟರಿನವರು ಒಮ್ಮನಸ್ಸಿನಿಂದ ಬದಲಾವಣೆ ಮಾಡಿಸುತ್ತಲೇ ಇದ್ದಾರೆ. ಇರುವ ಕಾನೂನನ್ನು ಪಾಲಿಸುವುದು ಯಾರಿಗೂ ಸಾಧ್ಯ. ಇಲ್ಲದ ಕಾನೂನನ್ನು ಇಷ್ಟು ನಿಷ್ಠೆಯಿಂದ ಪಾಲಿಸುವುದಕ್ಕೆ ಸಂಸ್ಕಾರ ಬೇಕು.

ಇನ್ನು ಅದರ ವಿಧಿವಿಧಾನಗಳ ಸೊಬಗು! ನೋಟರಿಯ ಮುಂದೆ ಛಾಪಾ ಕಾಗದದ ಮೇಲೆ, ಮೊದಲಿನ ಸುಧಾ ಮತ್ತು ಈಗಿನ ಸುಧಾ ಇಬ್ಬರೂ ನಾನೊಬ್ಬಳೇ ಎಂದು ಅವಳು ಪ್ರಮಾಣ ಮಾಡಬೇಕು. ಅದ್ವೈತವನ್ನು ಇಷ್ಟು ಅಗ್ಗದಲ್ಲಿ ಬೋಧಿಸುವ ಮಠ ಎಲ್ಲಿದೆ? ಆ ಕಾಗದದ ಮುದ್ರಾಂಕ ಶುಲ್ಕವನ್ನು ನಮ್ಮ ರಾಜ್ಯದಲ್ಲಿ 2024ರಲ್ಲಿ 20 ರೂಪಾಯಿಯಿಂದ 100ಕ್ಕೆ ಏರಿಸಿ ತತ್ವಜ್ಞಾನದ ಘನತೆಯನ್ನೂ ಹೆಚ್ಚಿಸಲಾಗಿದೆ. ಬಳಿಕ ಪತ್ರಿಕೆಯ ಒಳಪುಟದಲ್ಲಿ ಜಾಹೀರಾತು, ಬೇಕಾದರೆ ಗೆಜೆಟ್, ಆಮೇಲೆ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡು ಅವಕಾಶಗಳಿವೆ. ಒಂದು ಗಂಡನಿಗೆ, ಇನ್ನೊಂದು ಆಪರೇಟರನ ಕಾಗುಣಿತಕ್ಕೆ. ಹೆಂಗಸಿಗೆ ಇನ್ನೇನು ಬೇಕು?

ಕೆಲವು ಕುಹಕಿಗಳು ಕೇಳುತ್ತಾರೆ: ಇದೇ ನ್ಯಾಮತಿ 1973ರವರೆಗೆ ಮೈಸೂರು ರಾಜ್ಯದಲ್ಲಿತ್ತು, 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು, 2018ರಲ್ಲಿ ತಾನೇ ತಾಲ್ಲೂಕಾಗುವವರೆಗೆ ಹೊನ್ನಾಳಿಯ ಸೆರಗಿನಲ್ಲಿತ್ತು, ಇಷ್ಟು ಸಲ ಮನೆತನ ಬದಲಿಸಿದ ಊರು ಒಂದಾದರೂ ಅಫಿಡವಿಟ್ ಕೊಟ್ಟಿತೇ ಎಂದು. ಅಲ್ಪಮತಿಗಳು. ಊರು ಸರ್ಕಾರದ್ದು, ಅದನ್ನು ಸರ್ಕಾರವೇ ಬಲ್ಲದು. ಹೆಣ್ಣು ಯಾರದೆಂಬುದು ತೀರ್ಮಾನವಾಗಬೇಡವೇ? 2024ರ ಅಕ್ಟೋಬರಿನಲ್ಲಿ ನ್ಯಾಮತಿಯ ಬ್ಯಾಂಕಿನ ಕಿಟಕಿ ಮುರಿದು 17 ಕಿಲೋಗೂ ಮೀರಿದ ಅಡವಿನ ಚಿನ್ನ ಹೊತ್ತೊಯ್ದವರು ಯಾವ ಗುರುತಿನ ಚೀಟಿ ತೋರಿಸಿದ್ದರು ಎಂದೂ ಇವರು ಕೇಳುತ್ತಾರೆ. ಅಪರಿಚಿತರನ್ನು ಹಾಗೆಲ್ಲ ಕೇಳುವುದು ಸೌಜನ್ಯವಲ್ಲ. ಗುರುತು ಕೇಳುವ ಸಲಿಗೆ ಇರುವುದು ಗುರುತಿದ್ದವರ ಹತ್ತಿರ ಮಾತ್ರ.

ಹೋದ ಹೆಸರಿಗೆ ಮರಳಬೇಕೆನ್ನುವವಳ ವಿಷಯದಲ್ಲಂತೂ ವ್ಯವಸ್ಥೆ ತಾಯಿಯನ್ನೂ ಮೀರಿಸುತ್ತದೆ. ತವರಿನ ಹೆಸರನ್ನು ಮತ್ತೆ ಇಟ್ಟುಕೊಳ್ಳಲು ವಿಚ್ಛೇದನದ ಪತ್ರ ಇಲ್ಲವೇ ಗಂಡನ ಒಪ್ಪಿಗೆ ಪತ್ರ ತರಬೇಕೆಂದು ಕೇಂದ್ರದ ಪ್ರಕಟಣಾ ಇಲಾಖೆ ವಿಧಿಸಿತ್ತು. ಇದನ್ನು ಪ್ರಶ್ನಿಸಿ ಮಹಿಳೆಯೊಬ್ಬರು 2024ರಲ್ಲಿ ದೆಹಲಿ ಹೈಕೋರ್ಟಿಗೆ ಹೋದರು. ಅಪ್ಪ ಇಟ್ಟ ಹೆಸರನ್ನು ಗಂಡನ ಸಹಿಯಿಂದ ಬಿಡಿಸಿಕೊಳ್ಳುವ ಈ ಏರ್ಪಾಟಿನಲ್ಲಿ ಎಷ್ಟು ಜನ ಗಂಡಸರಿಗೆ ಗೌರವದ ಉದ್ಯೋಗ ದೊರೆಯುತ್ತದೆಂಬುದನ್ನು ಅವರು ಗಮನಿಸಿದಂತಿಲ್ಲ.

ಆದರೆ ಈ ಮಹಾವೃಕ್ಷ ಫಲ ಬಿಡುವುದು ಅಪ್ಪ ತೀರಿಕೊಂಡ ಮೇಲೆ. ಸತ್ತು ದಶಕಗಳಾದರೂ ತಾತಂದಿರ ಹೆಸರು ಪಹಣಿಯಲ್ಲಿ ಅಳಿಯದೆ ನಿಲ್ಲುವ ನಾಡು ನಮ್ಮದು. ಗಂಡಸಿನ ಹೆಸರಿಗೆ ಇಲ್ಲಿ ಸಾವಿಲ್ಲ. ಮೊದಲು 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, ಆಮೇಲೆ 2005ರಲ್ಲಿ ಇಡೀ ದೇಶಕ್ಕೆ ಬಂದ ತಿದ್ದುಪಡಿ, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟು ಅಣ್ಣತಮ್ಮಂದಿರ ನಿದ್ದೆಗೆಡಿಸಿದ್ದವು. ಆ ನಿದ್ದೆಯನ್ನು ಮರಳಿ ತಂದುಕೊಟ್ಟದ್ದು ಹೆಸರಿನ ಬದಲಾವಣೆ. ಅಡಿಕೆ ತೋಟದ ಪೌತಿ ಖಾತೆಗೆಂದು ಸುಧಾ ಅಮೆರಿಕದಿಂದ ಬಂದಳು. ವಂಶವೃಕ್ಷದಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಇಬ್ಬರೂ ಒಬ್ಬಳೇ ಎಂದು ಸಾಬೀತಾಗುವುದರೊಳಗೆ ಅವಳ ರಜೆ ಮುಗಿಯುತ್ತಿತ್ತು. ಅಣ್ಣಂದಿರು ತಂಗಿಯ ಅಲೆದಾಟ ನೋಡಲಾರದೆ ಹಕ್ಕು ಬಿಡುಗಡೆ ಪತ್ರವನ್ನು ಬರೆಸಿಟ್ಟಿದ್ದರು. ಯಾವ ಹೆಸರಲ್ಲಿ ಸಹಿ ಹಾಕಲಿ ಎಂದು ಅವಳು ಕೇಳಿದಳು. ಹಿರಿಯಣ್ಣ ಪೆನ್ನಿನ ಮುಚ್ಚಳ ತೆಗೆದು ಕೈಗಿತ್ತ:

“ಯಾವ್ದಾದ್ರೂ ಹಾಕವ್ವ, ನೀ ನಮ್ ಸುಧಾ ಅಂತ ನಮಗೆ ಗೊತ್ತಿಲ್ವಾ?”