ಐಡ್ಲಿಂಗ್ ಪ್ರಮಾಣಮೀಮಾಂಸೆ

ವಿಷಯ: ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಬಂದ ಹಳೆಯ ಕಾರು ಸುಮ್ಮನಿರಲಾರದೆ ತನ್ನಷ್ಟಕ್ಕೆ ರೇಸ್ ಆಗುವುದು, ಮರುಕ್ಷಣ ಗಡಗಡ ನಡುಗಿ ಇಳಿಯುವುದು, ಇನ್ನೇನು ಆಫ್ ಆಯಿತು ಎನ್ನುವಾಗ ಮತ್ತೆ ಏರುವುದು. ಲೌಕಿಕರು ಇದಕ್ಕೆ ‘ಐಡ್ಲಿಂಗ್ ಸರಿಯಿಲ್ಲ’ ಎಂದು ಹೇಳಿ ಕೈತೊಳೆದುಕೊಂಡಿದ್ದಾರೆ. ಪ್ರಾಚೀನ ನೈಯಾಯಿಕರು ಏನೂ ಹೇಳಿಲ್ಲ. ಅವರಿಗೆ ಕಾರಿರಲಿಲ್ಲವೆಂಬುದು ಸಮರ್ಥನೆಯಾಗದು.

ಉದಾಹರಣೆಗೆ ಮಾರುತಿ 800. 1983ರ ಡಿಸೆಂಬರಿನಲ್ಲಿ ಅವತರಿಸಿ, 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ವಾಹನಕ್ಕೆ ಸಿಲಿಂಡರ್ ಮೂರು, ಸಿಸಿ 796. ಹೆಸರಿಗೂ ವಸ್ತುವಿಗೂ ನಡುವೆ ಕಾಣೆಯಾದ ನಾಲ್ಕು ಸಿಸಿಗಳ ವಿಚಾರ ಈ ಗ್ರಂಥದ ವ್ಯಾಪ್ತಿಗೆ ಹೊರತು.

ಪೂರ್ವಪಕ್ಷ: ಇಲ್ಲಿ ಮೂರು ಮತಗಳಿವೆ. ಮೊದಲನೆಯವರು ಸ್ಕ್ರೂವಾದಿಗಳು. ಕಾರ್ಬುರೇಟರಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಸಕಲ ದೋಷ ಪರಿಹಾರವೆನ್ನುತ್ತಾರೆ. ಐಡ್ಲಿಂಗ್ ಏರಿಸಿದಾಗ ನಡುಕ ಮರೆಯಾಗುವುದು ನಿಜ, ಪೆಟ್ರೋಲೂ ಮರೆಯಾಗುತ್ತದೆ. ಎರಡನೆಯವರು ಬಂಕ್‌ವಾದಿಗಳು: ‘ಪೆಟ್ರೋಲ್ ಕಲಬೆರಕೆ ಸಾರ್, ಬಂಕ್ ಬದಲಾಯಿಸಿ.’ ಈ ಮತವನ್ನು ಖಂಡಿಸಲಾಗದು, ಏಕೆಂದರೆ ಮುಂದಿನ ಬಂಕೂ ಹಾಗೆಯೇ ಎಂದು ಅವರು ಮೊದಲೇ ಒಪ್ಪಿರುತ್ತಾರೆ. ಮೂರನೆಯವರೂ ಬಹುಸಂಖ್ಯಾತರೂ ಆದವರು ಬದಲಿವಾದಿಗಳು. ಪ್ಲಗ್ ಬದಲಿಸು, ವೈರ್ ಬದಲಿಸು, ಫಿಲ್ಟರ್ ಬದಲಿಸು. ಎಲ್ಲವೂ ಬದಲಾದ ಮೇಲೆ ಬದಲಾಗದೆ ಉಳಿಯುವುದೇ ಸತ್ಯ. ಅದು ನಡುಕ.

ಸಿದ್ಧಾಂತ: ಪೆಟ್ರೋಲ್ ಒಂದು ಪಾಲಿಗೆ ಗಾಳಿ ತೂಕದಲ್ಲಿ ಸುಮಾರು 14.7 ಪಾಲು ಇದ್ದರೆ ಪೆಟ್ರೋಲೂ ಗಾಳಿಯಲ್ಲಿನ ಆಮ್ಲಜನಕವೂ ಉಳಿಯದೆ ಮುಗಿಯುತ್ತವೆ. ಐಡ್ಲಿಂಗಿನಲ್ಲಿ ಥ್ರಾಟಲ್ ಬಹುಪಾಲು ಮುಚ್ಚಿರುವುದರಿಂದ ಎಂಜಿನ್ ಎಳೆಯುವ ಗಾಳಿ ಅತ್ಯಲ್ಪ. ಆಗ ಸೀಳಿದ ವ್ಯಾಕ್ಯೂಮ್ ಪೈಪಿನಿಂದಲೋ ಸತ್ತ ಗ್ಯಾಸ್ಕೆಟ್ಟಿನಿಂದಲೋ ಕಳ್ಳಗಾಳಿ ನುಗ್ಗಿದರೆ ಲೆಕ್ಕವೇ ತಪ್ಪುತ್ತದೆ. ಅದೇ ಸೀಳು ಹೈವೇಯಲ್ಲಿ ಗಣನೆಗೆ ಬರುವುದಿಲ್ಲ. ಅಲ್ಲಿ ಒಳಹೋಗುವ ಗಾಳಿಯೇ ಬೇಕಾದಷ್ಟು. ಓಡುವಾಗ ಸಾಧುವಾದ ಕಾರು ನಿಂತಾಗ ರಂಪ ಮಾಡುವುದು ಈ ಕಾರಣಕ್ಕೆ.

ಎಂಪಿಎಫ್‌ಐ ಎಂಬ ಇಂಜೆಕ್ಟರ್ ಸಂಪ್ರದಾಯದಲ್ಲಿ, ಪೆಟ್ರೋಲ್ ಅಳೆದು ಕೊಡುವ ಕಂಪ್ಯೂಟರಿನ ರೂಪದಲ್ಲಿ, ಇಸಿಯು ಎಂಬ ಅದೃಷ್ಟ ಕರ್ತೃವೊಬ್ಬನಿದ್ದಾನೆ. ಕಳ್ಳಗಾಳಿಯಿಂದ ಆರ್‌ಪಿಎಂ ಏರಿದಾಗ ಇಸಿಯು ಯೋಚಿಸುತ್ತದೆ: ಆಕ್ಸಿಲರೇಟರ್ ಮೇಲೆ ಕಾಲಿಲ್ಲ, ಎಂಜಿನ್ ಜೋರಾಗಿ ತಿರುಗುತ್ತಿದೆ, ಆದ್ದರಿಂದ ಕಾರು ಇಳಿಜಾರಿನಲ್ಲಿದೆ. ಪೆಟ್ರೋಲ್ ನಿಲ್ಲಿಸುತ್ತದೆ. ಆರ್‌ಪಿಎಂ ಬಿದ್ದೊಡನೆ ಗಾಬರಿಯಾಗಿ ಮತ್ತೆ ಕೊಡುತ್ತದೆ. ಏರುತ್ತದೆ, ನಿಲ್ಲಿಸುತ್ತದೆ, ಬೀಳುತ್ತದೆ. ತರ್ಕ ನಿರ್ದುಷ್ಟ, ಹೇತು ಮಾತ್ರ ಕೆಟ್ಟದ್ದು. ಹೇತ್ವಾಭಾಸಕ್ಕೆ ಇಷ್ಟು ಶಬ್ದ ಮಾಡುವ ದೃಷ್ಟಾಂತ ಬೇರೆ ಯಾವ ದರ್ಶನದಲ್ಲೂ ಇಲ್ಲ. ಐಡಲ್ ವಾಲ್ವಿನಲ್ಲಿ ಕಾರ್ಬನ್ ಕಟ್ಟಿದರೂ ಫಲ ಹೆಚ್ಚುಕಡಿಮೆ ಇದೇ.

ಪ್ರಮಾಣಗಳು: ಪ್ರತ್ಯಕ್ಷಕ್ಕೆ ಕಣ್ಣಿಗಿಂತ ಕಿವಿ ಮೇಲು, ಬಾನೆಟ್ ಎತ್ತಿ ‘ಸ್ಸ್’ ಎಂಬ ಧ್ವನಿ ಹುಡುಕತಕ್ಕದ್ದು. ಅನುಮಾನಕ್ಕೆ ಶಾಸ್ತ್ರದಲ್ಲೇ ದಾರಿಯಿದೆ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಎಂದಷ್ಟೇ ತಿಳಿದಿದ್ದ ಹಿರಿಯರು ಹೊಗೆಯ ಬಣ್ಣ ಕೇಳಲಿಲ್ಲ. ಸೈಲೆನ್ಸರಿನಲ್ಲಿ ಕಪ್ಪಾದರೆ ಪೆಟ್ರೋಲ್ ಹೆಚ್ಚು, ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಬಿಸಿಯಾದ ಮೇಲೂ ಬಿಳಿಯಾಗಿಯೇ ಇದ್ದರೆ ಕೂಲೆಂಟ್ ಒಳಸೇರಿದೆಯೆಂಬ ಶಂಕೆ.

ವ್ಯತಿರೇಕಕ್ಕೆ ಪ್ಲಗ್ ವೈರ್. ಕಾರ್ಬುರೇಟರ್ ಗಾಡಿಯಲ್ಲಿ ಒಂದೊಂದಾಗಿ ಕೀಳಬೇಕು. ಯಾವುದನ್ನು ಕಿತ್ತಾಗ ಎಂಜಿನ್ ಬೇಸರಿಸುವುದಿಲ್ಲವೋ ಆ ಸಿಲಿಂಡರ್ ಮೊದಲೇ ಕೆಲಸ ಬಿಟ್ಟಿತ್ತು. ರಬ್ಬರ್ ಹಿಡಿಯ ಇಕ್ಕಳವಿಲ್ಲದೆ ಬರಿಗೈಯಲ್ಲಿ ಕೀಳುವ ಶಿಷ್ಯನಿಗೆ ಜ್ಞಾನ ಒಮ್ಮೆಲೇ ಉಂಟಾಗುತ್ತದೆ. ಇನ್ನು ಕಾರ್ಬುರೇಟರ್ ಕ್ಲೀನರನ್ನು ಪೈಪುಗಳ ಸಂದಿಗೆ ತುಸುವೇ ಚಿಮುಕಿಸಿ: ಸದ್ದು ಬದಲಾದ ಸ್ಥಳವೇ ಸೀಳು. ಬಿಸಿ ಎಂಜಿನ್ ಮೇಲೆ ಧಾರಾಳವಾಗಿ ಸುರಿದರೆ ಧೂಮ-ವಹ್ನಿಗಳ ಸಂಬಂಧಕ್ಕೆ ಅನುಮಾನ ಬೇಕಾಗುವುದಿಲ್ಲ.

ವ್ಯಾಕ್ಯೂಮ್ ಗೇಜ್ ಎಂಬ ಯಂತ್ರವೂ ಉಂಟು. ಆರೋಗ್ಯವಂತ ಎಂಜಿನ್ ಸಮುದ್ರಮಟ್ಟದಲ್ಲಿ ಸ್ಥಿರವಾಗಿ 17ರಿಂದ 21 ಇಂಚು ಪಾದರಸ ತೋರಿಸಬೇಕು. ಸಾವಿರ ಅಡಿ ಮೇಲೇರಿದಂತೆ ಒಂದು ಇಂಚಿನಷ್ಟು ಕಡಿಮೆ. ಬೆಂಗಳೂರು ಇರುವುದು ಸುಮಾರು 3000 ಅಡಿಯ ಮೇಲೆ. ಹೀಗಾಗಿ ಮಂಗಳೂರಿನ ಸತ್ಯ ಬೆಂಗಳೂರಿಗೆ ಬರುವಷ್ಟರಲ್ಲಿ ಮೂರು ಇಂಚು ಕುಗ್ಗಿರುತ್ತದೆ.

ಉಳಿದದ್ದು ಆಪ್ತವಾಕ್ಯ. ಮೂಲೆ ಗ್ಯಾರೇಜಿನ ಹಿರಿಯ ಮೇಸ್ತ್ರಿ ಬಾನೆಟ್ಟಿಗೆ ಕಿವಿಗೊಟ್ಟು ‘ಏರ್ ಎಳೀತಿದೆ ಸಾರ್’ ಎಂದರೆ ಮೇಲಿನ ನಾಲ್ಕು ಪರಿಚ್ಛೇದಗಳೂ ಅನಗತ್ಯವಾಗುತ್ತವೆ. ಆದರೂ ಈ ವಾಕ್ಯ ಬದಲಿಕಾಂಡವೆಲ್ಲ ಮುಗಿದ ಮೇಲೆಯೇ ಕೇಳಿಬರುವುದೇಕೆ? ಗೇಣುದ್ದದ ರಬ್ಬರ್ ಪೈಪು ಅಗ್ಗ. ಅದರಿಂದ ಯಾರ ಬಿಲ್ಲೂ ಬೆಳೆಯುವುದಿಲ್ಲ, ಯಾರ ಪಾಂಡಿತ್ಯವೂ ಮೆರೆಯುವುದಿಲ್ಲ. ಅಗ್ಗದ ಕಾರಣವನ್ನು ಕೊನೆಗೆ ನೋಡುವುದು ಗ್ಯಾರೇಜಿಗೂ ಗ್ರಂಥಕರ್ತರಿಗೂ ಸಮಾನ ಧರ್ಮ.

ಫಲಶ್ರುತಿ: ಇದನ್ನು ದಿನವೂ ಬಾನೆಟ್ ಎತ್ತಿ ಪಠಿಸುವವನು ಸಿಗ್ನಲ್ ಭಯದಿಂದ ಮುಕ್ತನಾಗುವನು. ಪ್ಲಗ್ಗಿಗೆ ಮೊದಲು ಪೈಪು ನೋಡುವವನು ಧನವಂತನಾಗುವನು. ಪಠಿಸಿಯೂ ಪೈಪು ನೋಡದವನು ವಿದ್ವಾಂಸನೆನಿಸಿಕೊಂಡು, ಕಾರು ತಳ್ಳುವವರನ್ನು ಹುಡುಕುತ್ತ ನಡುರಸ್ತೆಯಲ್ಲಿ ನಿಲ್ಲುವನು.